ಮಣಿಕಟ್ಟಿನ ಅಳತೆಗಾರ: ಇದನ್ನು ಒರೆಗೆ ಹಚ್ಚಿದ್ದು ಎಲ್ಲಿ?

ಶ್ರೀರಂಗಪಟ್ಟಣದಿಂದ ಪಶ್ಚಿಮಕ್ಕೆ, ಕೃಷ್ಣರಾಜಸಾಗರದ ದಾರಿಯಲ್ಲಿ ಹೊರಟರೆ ಪಾಲಹಳ್ಳಿ ಸಿಗುತ್ತದೆ. ರಂಗನತಿಟ್ಟು ಪಕ್ಷಿಧಾಮ ಇದರ ಮಗ್ಗುಲಲ್ಲೇ ಇದೆ. 1847ರಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಆರಂಭವಾದದ್ದು ಈ ಊರಿನಲ್ಲೇ. ಸುತ್ತ ಕಾವೇರಿಯ ನಾಲೆಗಳ ನೀರು ಕುಡಿದ ಭತ್ತದ ಗದ್ದೆಗಳು, ಕಬ್ಬಿನ ತೋಟಗಳು. ಇಲ್ಲಿ ನಾಟಿ ಕೆಲಸಕ್ಕೆ ಹೋಗುವ ಹೆಣ್ಣುಮಗಳೊಬ್ಬಳ ಕೈಗೆ ಒಂದು ಫಿಟ್‌ನೆಸ್ ಬ್ಯಾಂಡ್ ಕಟ್ಟಿದೆವು ಎಂದು ಊಹಿಸಿಕೊಳ್ಳಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಆಕೆ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ, ಗೇಣಿಗೊಂದರಂತೆ ಪೈರು ನೆಡುತ್ತಾ ಹಿಂದಕ್ಕೆ ಸರಿಯುತ್ತಾಳೆ. ಸಂಜೆ ಬ್ಯಾಂಡ್ ಏನು ಹೇಳಬಹುದು? 'ಇಂದು ನೀವು ಸಾಕಷ್ಟು ನಡೆದಿಲ್ಲ' ಎಂದು ಹೇಳುವ ಸಾಧ್ಯತೆಯೇ ಹೆಚ್ಚು.

ಬ್ಯಾಂಡ್ ಕೆಟ್ಟಿದೆಯೆ? ಇಲ್ಲ. ಅದಕ್ಕೆ ಕಲಿಸಿದ ಪಾಠವನ್ನು ಅದು ಸರಿಯಾಗಿಯೇ ಒಪ್ಪಿಸುತ್ತಿದೆ. ಆದರೆ ಆ ಪಾಠದಲ್ಲಿ ಭತ್ತದ ಗದ್ದೆ ಇರಲಿಲ್ಲ. ಯಾವುದೇ ಅಳತೆಯ ಉಪಕರಣದ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ 'ಇದು ನಿಖರವೆ?' ಎಂಬುದಷ್ಟೇ ಅಲ್ಲ. 'ಇದನ್ನು ಯಾರ ಮೇಲೆ, ಎಲ್ಲಿ ಒರೆಗೆ ಹಚ್ಚಿದರು?' ಎಂಬುದೂ ಹೌದು. ಈ ಪ್ರಶ್ನೆಗೆ ಇನ್ನೂರು ವರ್ಷಕ್ಕೂ ಹೆಚ್ಚಿನ ಇತಿಹಾಸವಿದೆ. ಅದರ ಕೆಲವು ಮುಖ್ಯ ಪುಟಗಳು ನಮ್ಮ ನಾಡಿನಲ್ಲೇ ಬರೆಯಲ್ಪಟ್ಟಿವೆ.

ಕೂಗಳತೆಯಿಂದ ಸರಪಳಿಯವರೆಗೆ

ನಮ್ಮ ಹಿರಿಯರು ದೂರವನ್ನು ದೇಹದಿಂದಲೇ ಅಳೆಯುತ್ತಿದ್ದರು. ಗೇಣು, ಮೊಳ, ಮಾರು, ಹೆಜ್ಜೆ. ಅದಕ್ಕೂ ಮೀರಿದರೆ ಕೂಗಳತೆ, ಹರದಾರಿ. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಇವು ದಿನಬಳಕೆಗೆ ಸಾಕಾಗಿದ್ದವು. ಆದರೆ ಒಬ್ಬರ ಮೊಳ ಇನ್ನೊಬ್ಬರ ಮೊಳವಲ್ಲ; ಬೆಳಗಿನ ಹೆಜ್ಜೆ ಸಂಜೆಯ ಹೆಜ್ಜೆಯಲ್ಲ.

1799ರಲ್ಲಿ ಶ್ರೀರಂಗಪಟ್ಟಣದ ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಶುರುವಾಯಿತು. ಕಾಲಿನ್ ಮೆಕೆಂಜಿ ಮೈಸೂರು ಸರ್ವೇಕ್ಷಣೆಯ ಹೊಣೆ ಹೊತ್ತ. ಅದೇ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ತ್ರಿಕೋನಗಳ ಮೂಲಕ ಇಡೀ ಪರ್ಯಾಯ ದ್ವೀಪವನ್ನು ಅಳೆಯುವ ಯೋಜನೆ ಮುಂದಿಟ್ಟ. ಆ ಕಾಲದಲ್ಲಿ ರಸ್ತೆಯ ಉದ್ದ ತಿಳಿಯಲು ಬಳಸುತ್ತಿದ್ದದ್ದು ಅಳತೆ ಗಾಲಿ. ಹಿಡಿಕೆ ಹಿಡಿದು ಗಾಲಿಯನ್ನು ತಳ್ಳುತ್ತಾ ನಡೆದರೆ, ಎಷ್ಟು ಸುತ್ತು ತಿರುಗಿತು ಎಂಬುದನ್ನು ಮುಳ್ಳು ತೋರಿಸುತ್ತದೆ. ಸುತ್ತುಗಳ ಸಂಖ್ಯೆಯನ್ನು ಪರಿಧಿಯಿಂದ ಗುಣಿಸಿದರೆ ದೂರ. ಸಪಾಟು ನೆಲದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹಳ್ಳ ದಿಣ್ಣೆಗಳಲ್ಲಿ ಗಾಲಿ ಪ್ರತಿ ಗುಂಡಿಗೂ ಇಳಿದು ಹತ್ತುತ್ತದೆ. ಆದ್ದರಿಂದ ನಿಜವಾದ ನೇರ ದೂರಕ್ಕಿಂತ ಹೆಚ್ಚು ತೋರಿಸುತ್ತದೆ. ಗಮನಿಸಿ: ಗಾಲಿ ಸುತ್ತುಗಳನ್ನು ತಪ್ಪಾಗಿ ಎಣಿಸುವುದಿಲ್ಲ. ಎಣಿಕೆ ಸರಿ, ಎಣಿಕೆಯಿಂದ ನಾವು ತೆಗೆಯುವ ತೀರ್ಮಾನ ತಪ್ಪು.

ಲ್ಯಾಂಬ್ಟನ್‌ಗೆ ಇದು ಸಾಲದಾಗಿತ್ತು. 1800ರ ಕೊನೆಯ ತಿಂಗಳುಗಳಲ್ಲಿ ಆತ ಬೆಂಗಳೂರಿನ ಬಳಿ ಸುಮಾರು 7.43 ಮೈಲಿ, ಎಂದರೆ ಹತ್ತಿರ ಹತ್ತಿರ 12 ಕಿಲೋಮೀಟರ್ ಉದ್ದದ ಆಧಾರರೇಖೆಯೊಂದನ್ನು 100 ಅಡಿಯ ಉಕ್ಕಿನ ಸರಪಳಿಯಿಂದ ಅಳೆದ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ ಎಂದು ನಿಮಗೆ ಗೊತ್ತು. ತಾಪ 10 ಡಿಗ್ರಿ ಸೆಲ್ಸಿಯಸ್ ಏರಿದರೆ 100 ಅಡಿಯ ಸರಪಳಿ ಸುಮಾರು 3.6 ಮಿಲಿಮೀಟರ್ ಉದ್ದವಾಗುತ್ತದೆ. ಕೇಳಲು ಅಲ್ಪ. ಆದರೆ 12 ಕಿಲೋಮೀಟರಿಗೆ ಸರಪಳಿಯನ್ನು ಸುಮಾರು 390 ಬಾರಿ ಚಾಚಬೇಕು. ಒಟ್ಟು ದೋಷ 1.4 ಮೀಟರ್! ಆದ್ದರಿಂದಲೇ ಸರಪಳಿಯ ಜೊತೆಗೆ ಉಷ್ಣಮಾಪಕವನ್ನೂ ಓದಿ, ಲೆಕ್ಕವನ್ನು ತಿದ್ದಬೇಕಾಗಿತ್ತು. ಬೆಂಗಳೂರಿನ ಬಿಸಿಲಿನಲ್ಲಿ ಬಳಸುವ ಸರಪಳಿಯನ್ನು ಬೆಂಗಳೂರಿನ ಬಿಸಿಲಿಗೇ ಹೊಂದಿಸಬೇಕು. ಇದು ಈ ಕಥೆಯ ಮೊದಲ ಪಾಠ.

ಹೆಜ್ಜೆಯನ್ನೇ ಅಳತೆಗೋಲು ಮಾಡಿದವರೂ ಇದ್ದರು. 1865-66ರಲ್ಲಿ ನೈನ್ ಸಿಂಗ್ ಯಾತ್ರಿಕನ ವೇಷದಲ್ಲಿ ಟಿಬೆಟ್ಟಿನ ಲಾಸಾದವರೆಗೆ ನಡೆದು ದಾರಿಯನ್ನು ಅಳೆದ. ಆತನ ಜಪಮಾಲೆಯಲ್ಲಿ 108ರ ಬದಲು 100 ಮಣಿಗಳಿದ್ದವು. 100 ಹೆಜ್ಜೆಗೆ ಒಂದು ಮಣಿ. ಮೈಲಿಗೆ ಸುಮಾರು 2000 ಹೆಜ್ಜೆ ಬರುವಂತೆ, ಏರಿನಲ್ಲೂ ಇಳಿಜಾರಿನಲ್ಲೂ ಹೆಜ್ಜೆಯ ಉದ್ದ ಬದಲಾಗದಂತೆ ಆತನಿಗೆ ತರಬೇತಿ ನೀಡಲಾಗಿತ್ತು. ಜೊತೆಗೆ ನಕ್ಷತ್ರಗಳನ್ನು ನೋಡಿ ಅಕ್ಷಾಂಶವನ್ನೂ ಗುರುತಿಸುತ್ತಿದ್ದ. ಎಂದರೆ, ಹೆಜ್ಜೆಯ ಲೆಕ್ಕಕ್ಕೆ ಆಕಾಶದ ಸಾಕ್ಷಿ. ಇಂದಿನ ಬ್ಯಾಂಡ್ ಕಟ್ಟಿಕೊಂಡವರಿಗೆ ಈ ತರಬೇತಿಯೂ ಇಲ್ಲ, ಸಾಕ್ಷಿಯೂ ಇಲ್ಲ.

ಗಡಿಯಾರದೊಳಗೆ ಬಂದ ಹೆಜ್ಜೆ

ಹೆಜ್ಜೆ ಎಣಿಸುವ ಯಂತ್ರ ಮತ್ತು ಗಡಿಯಾರ ಹಳೆಯ ನಂಟರು. ನಡೆಯುವವರ ಚಲನೆಯಿಂದ ತಾನೇ ಕೀಲಿ ತಿರುಗಿಸಿಕೊಳ್ಳುವ ಗಡಿಯಾರವನ್ನು 1770ರ ದಶಕದಲ್ಲಿ ರೂಪಿಸಿದ ಸ್ವಿಟ್ಜರ್ಲೆಂಡಿನ ಅಬ್ರಹಾಂ-ಲೂಯಿ ಪೆರ್ಲೆ, ಅದೇ ತತ್ತ್ವದ ಮೇಲೆ ಹೆಜ್ಜೆ ಎಣಿಸುವ ಸಾಧನವನ್ನೂ ಮಾಡಿದ. 1965ರಲ್ಲಿ ಜಪಾನಿನ ಯಾಮಾಸಾ ಕಂಪನಿ ಸೊಂಟಕ್ಕೆ ಸಿಕ್ಕಿಸುವ 'ಮಾಂಪೊ-ಕೇ' ಎಂಬ ಸಾಧನವನ್ನು ಮಾರುಕಟ್ಟೆಗೆ ತಂದಿತು. ಈ ಹೆಸರಿನ ಅರ್ಥ 'ಹತ್ತು ಸಾವಿರ ಹೆಜ್ಜೆಯ ಮಾಪಕ'. ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ, ಇಂದು ಎಲ್ಲರ ಬಾಯಲ್ಲಿರುವ ಸಂಖ್ಯೆ ಬಂದದ್ದು ಇಲ್ಲಿಂದ. ಇದು ಮೊದಲು ಒಂದು ವಸ್ತುವಿನ ಹೆಸರು. ಸಂಶೋಧನೆ ಬಂದದ್ದು ಆಮೇಲೆ. 2019ರಲ್ಲಿ ಅಮೆರಿಕದ 16,741 ಹಿರಿಯ ಮಹಿಳೆಯರ ಅಧ್ಯಯನವೊಂದು ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಸಾವಿನ ಪ್ರಮಾಣ ಶೇ. 41ರಷ್ಟು ಕಡಿಮೆ ಇತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ.

ನಮ್ಮ ರಾಜ್ಯದಲ್ಲಿ ಕೈಗಡಿಯಾರದ ಚರಿತ್ರೆ 1961ರಿಂದ ಆರಂಭವಾಗುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. ಆ ವರ್ಷ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಸತೊಡಗಿತು. 1984ರಲ್ಲಿ ಸ್ಥಾಪನೆಯಾದ ಟೈಟಾನ್ ಗಡಿಯಾಚೆಯ ಹೊಸೂರಿನಲ್ಲಿ ಕಾರ್ಖಾನೆ ತೆರೆಯಿತು. ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲಿದೆ. 2016ರಲ್ಲಿ ಎಚ್.ಎಂ.ಟಿ. ಕೈಗಡಿಯಾರ ಘಟಕ ಮುಚ್ಚುವ ತೀರ್ಮಾನವಾಯಿತು. 2017ರಲ್ಲಿ ಟೈಟಾನ್ ತನ್ನ ಫಾಸ್ಟ್‌ಟ್ರ್ಯಾಕ್ ಹೆಸರಿನಲ್ಲಿ 'ರಿಫ್ಲೆಕ್ಸ್' ಎಂಬ ಬ್ಯಾಂಡನ್ನು ತಂದಿತು. ಸಮಯ ಅಳೆಯುತ್ತಿದ್ದ ಮಣಿಕಟ್ಟು ಈಗ ಮನುಷ್ಯನನ್ನೇ ಅಳೆಯತೊಡಗಿತು.

ಬ್ಯಾಂಡಿನೊಳಗೆ ನಡೆಯುವುದೇನು?

ಬ್ಯಾಂಡಿಗೆ ನಿಮ್ಮ ಕಾಲು ಕಾಣುವುದಿಲ್ಲ. ಅದರೊಳಗೆ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ವೇಗೋತ್ಕರ್ಷ ಮಾಪಕವಿದೆ. ಸಿಲಿಕಾನಿನಲ್ಲಿ ಕೊರೆದ ಸೂಕ್ಷ್ಮ ದ್ರವ್ಯರಾಶಿಯೊಂದು ಕೈ ಅಲುಗಿದಾಗ ತಾನೂ ಅಲುಗುತ್ತದೆ. ಇದರಿಂದ ವಿದ್ಯುತ್ ಧಾರಕತೆ ಬದಲಾಗುತ್ತದೆ. ನಡೆಯುವಾಗ ಕೈ ಬೀಸುವುದರಿಂದ ಮತ್ತು ಪಾದ ನೆಲಕ್ಕೆ ಬಡಿಯುವುದರಿಂದ ಸೆಕೆಂಡಿಗೆ ಸುಮಾರು ಎರಡು ಅಲೆಗಳು ಮೂಡುತ್ತವೆ. ನಿಗದಿತ ಎತ್ತರಕ್ಕೆ ಏರಿದ, ನಿಗದಿತ ಅಂತರದಲ್ಲಿ ಬಂದ ಅಲೆಗಳನ್ನು ಮಾತ್ರ ಬ್ಯಾಂಡ್ 'ಹೆಜ್ಜೆ' ಎಂದು ಎಣಿಸುತ್ತದೆ.

ಈ ನಿಯಮ ತಿಳಿದರೆ ಎಲ್ಲಿ ತಪ್ಪಾಗುತ್ತದೆ ಎಂದು ನೀವೇ ಊಹಿಸಬಲ್ಲಿರಿ. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಎರಡೂ ಕೈಯಿಂದ ಹಿಡಿದು ನಡೆದರೆ ಕೈ ಬೀಸುವುದಿಲ್ಲ. ಹೆಜ್ಜೆಗಳು ಲೆಕ್ಕ ತಪ್ಪುತ್ತವೆ. ಸೈಕಲ್ ತಳ್ಳಿಕೊಂಡು ಹೋದಾಗಲೂ ಅಷ್ಟೆ. ಕೆಸರಿನಲ್ಲಿ ನಿಧಾನವಾಗಿ ಕಾಲೆಳೆದರೆ ಅಲೆ ನಿಗದಿತ ಎತ್ತರಕ್ಕೆ ಏರುವುದಿಲ್ಲ. ಇನ್ನೊಂದೆಡೆ, ಕುಳಿತು ರಾಗಿ ಬೀಸಿದರೆ, ಎತ್ತಿನ ಗಾಡಿಯಲ್ಲಿ ಕುಲುಕಾಡಿದರೆ, ಭಜನೆಯಲ್ಲಿ ತಾಳ ಹಾಕಿದರೆ ನಡೆಯದ ಹೆಜ್ಜೆಗಳೂ ಸೇರಿಕೊಳ್ಳಬಹುದು. ಪ್ರಯೋಗಾಲಯದ ಚಲಿಸುವ ಪಟ್ಟಿಯ ಮೇಲೂ ಎಲ್ಲ ಬ್ಯಾಂಡುಗಳು ಒಂದೇ ಸಮ ಇರಲಿಲ್ಲ. 2015ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ 14 ಮಂದಿಯನ್ನು ನಡೆಸಿ ನೋಡಿದಾಗ ಹೆಚ್ಚಿನ ಸಾಧನಗಳು ನಿಜ ಸಂಖ್ಯೆಗೆ ಹತ್ತಿರವಿದ್ದವು. ಒಂದು ಬ್ಯಾಂಡ್ ಮಾತ್ರ ಶೇ. 20ಕ್ಕಿಂತ ಹೆಚ್ಚು ಹೆಜ್ಜೆಗಳನ್ನು ಬಿಟ್ಟಿತ್ತು.

ಹೆಜ್ಜೆಯಿಂದ ದೂರಕ್ಕೆ ಹೋಗುವಾಗ ಇನ್ನೊಂದು ಊಹೆ ಸೇರುತ್ತದೆ. ಹಲವು ಸಾಧನಗಳು ಎತ್ತರವನ್ನು 0.41ರ ಆಸುಪಾಸಿನ ಸಂಖ್ಯೆಯಿಂದ ಗುಣಿಸಿ ಹೆಜ್ಜೆಯ ಉದ್ದ ಎಂದುಕೊಳ್ಳುತ್ತವೆ. 165 ಸೆಂಟಿಮೀಟರ್ ಎತ್ತರದವರಿಗೆ ಇದು ಸುಮಾರು 68 ಸೆಂಟಿಮೀಟರ್. 10,000 ಹೆಜ್ಜೆಗೆ 6.8 ಕಿಲೋಮೀಟರ್. ಅವರೇ ಗದ್ದೆಯ ಬದುವಿನ ಮೇಲೆ ಎಚ್ಚರದಿಂದ 50 ಸೆಂಟಿಮೀಟರಿನ ಹೆಜ್ಜೆ ಇಟ್ಟರೆ ನಿಜವಾದ ದೂರ 5 ಕಿಲೋಮೀಟರ್ ಮಾತ್ರ. ಅಳತೆ ಗಾಲಿಯ ಹಳೆಯ ದೋಷವೇ ಹೊಸ ವೇಷದಲ್ಲಿ ಬಂದಿದೆ.

ಹಸಿರು ಬೆಳಕಿನ ನಾಡಿ ಪರೀಕ್ಷೆ

ನಾಡಿಯನ್ನು ಮಣಿಕಟ್ಟಿನಲ್ಲಿ ಹುಡುಕುವುದು ವೈದ್ಯರಿಗೆ ಹೊಸದಲ್ಲ. ಅದನ್ನು ಸಂಖ್ಯೆಯಾಗಿಸಲು 17ನೇ ಶತಮಾನದ ಆದಿಯಲ್ಲಿ ಇಟಲಿಯ ಸಾಂಟೋರಿಯೊ ಲೋಲಕವನ್ನು ಬಳಸಿದ. 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ಒಂದು ನಿಮಿಷ ಓಡುವ ನಾಡಿ ಗಡಿಯಾರವನ್ನು ಪರಿಚಯಿಸಿದ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಆಲ್ರಿಕ್ ಹರ್ಟ್ಸ್‌ಮನ್ ಚರ್ಮದ ಮೇಲೆ ಬೆಳಕು ಬಿಟ್ಟು, ರಕ್ತದ ಪ್ರಮಾಣ ಏರಿಳಿದಂತೆ ಹಿಂದಿರುಗುವ ಬೆಳಕು ಹೇಗೆ ಬದಲಾಗುತ್ತದೆ ಎಂದು ಅಳೆದ. ನಿಮ್ಮ ಬ್ಯಾಂಡಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪದ ತತ್ತ್ವ ಇದೇ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಮಿಡಿದಾಗಲೆಲ್ಲ ಹಿಂದಿರುಗುವ ಬೆಳಕು ಕೊಂಚ ತಗ್ಗುತ್ತದೆ.

ಸುಮ್ಮನೆ ಕುಳಿತವರಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 60 ಸ್ವಯಂಸೇವಕರ ಮೇಲೆ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಮಿಡಿತದ ದೋಷ ಶೇ. 5ರ ಒಳಗಿತ್ತು. ಕೈ ಅಲುಗತೊಡಗಿದಾಗ ಕಷ್ಟ ಶುರು. ಬ್ಯಾಂಡ್ ಚರ್ಮದಿಂದ ಸರಿದರೆ, ಬೆವರು ತುಂಬಿದರೆ, ಬಳೆಗಳು ತಗುಲಿ ಅದು ಸಡಿಲಗೊಂಡರೆ ಬೆಳಕಿನಲ್ಲಾಗುವ ಬದಲಾವಣೆಗೆ ನಾಡಿಯೊಂದೇ ಕಾರಣವಾಗಿರುವುದಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯಿದೆ. ಬಿರುಸಾಗಿ ನಡೆಯುವವರ ಹೆಜ್ಜೆ ನಿಮಿಷಕ್ಕೆ 110ರಷ್ಟು. ಅವರ ನಾಡಿಯೂ ಅದೇ ಆಸುಪಾಸಿನಲ್ಲಿರಬಹುದು. ಎರಡೂ ಆವೃತ್ತಿಗಳು ಹತ್ತಿರ ಬಂದಾಗ ಬ್ಯಾಂಡ್ ಹೆಜ್ಜೆಯನ್ನೇ ನಾಡಿಯೆಂದು ಭ್ರಮಿಸಬಹುದು. ಡ್ಯೂಕ್ ವಿಶ್ವವಿದ್ಯಾಲಯದ 2020ರ ಅಧ್ಯಯನದಲ್ಲಿ ವಿಶ್ರಾಂತಿಗಿಂತ ಚಟುವಟಿಕೆಯ ವೇಳೆ ದೋಷ ಸರಾಸರಿ ಶೇ. 30ರಷ್ಟು ಹೆಚ್ಚಿತ್ತು.

ಚರ್ಮದ ಬಣ್ಣ ಗಾಢವಾಗಿದ್ದರೆ? ನಮಗೆ ಇದು ಸಹಜ ಪ್ರಶ್ನೆ. ಡ್ಯೂಕ್ ಅಧ್ಯಯನದಲ್ಲಿ ಮಿಡಿತದ ಎಣಿಕೆಯಲ್ಲಿ ಬಣ್ಣದಿಂದ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ರಕ್ತದ ಆಮ್ಲಜನಕದ ಮಟ್ಟ ಬೇರೆಯೇ ಲೆಕ್ಕ. ಅದೇ ವರ್ಷ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಆಸ್ಪತ್ರೆಗಳಲ್ಲಿ ಬೆರಳಿಗೆ ಹಾಕುವ ಆಕ್ಸಿಮೀಟರ್ ಬಗ್ಗೆ ವರದಿ ಮಾಡಿದರು. ಅಪಾಯಕಾರಿಯಾಗಿ ಕುಸಿದ ಆಮ್ಲಜನಕ ಆಕ್ಸಿಮೀಟರಿನ ಕಣ್ಣು ತಪ್ಪಿಸಿದ ಪ್ರಸಂಗಗಳು ಬಿಳಿಯ ರೋಗಿಗಳಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಕೋವಿಡ್ ದಿನಗಳಲ್ಲಿ ಈ ಸಂಖ್ಯೆಯನ್ನು ನಂಬಿ ಮನೆಯಲ್ಲೇ ಉಳಿಯಬೇಕೋ ಆಸ್ಪತ್ರೆಗೆ ಹೋಗಬೇಕೋ ಎಂದು ತೀರ್ಮಾನಿಸಿದವರನ್ನು ನೆನೆಯಿರಿ. ಯಾರ ಮೇಲೆ ಒರೆಗೆ ಹಚ್ಚಿದರು ಎಂಬ ಪ್ರಶ್ನೆಯ ತೂಕ ಆಗ ತಿಳಿಯುತ್ತದೆ.

ಕ್ಯಾಲೊರಿ ಮತ್ತು ಬೆಂಗಳೂರಿನ ಉತ್ತರ

ಸ್ಟ್ಯಾನ್‌ಫರ್ಡ್ ಪರೀಕ್ಷೆಯಲ್ಲಿ ಮಿಡಿತಕ್ಕೆ ಉತ್ತಮ ಅಂಕ ಪಡೆದ ಸಾಧನಗಳೇ ಕ್ಯಾಲೊರಿಯಲ್ಲಿ ಅನುತ್ತೀರ್ಣವಾದವು. ಅತ್ಯುತ್ತಮ ಸಾಧನದ ದೋಷ ಶೇ. 27, ಅತಿ ಕಳಪೆಯದು ಶೇ. 93. ಏಕೆ? ಕ್ಯಾಲೊರಿಯನ್ನು ಬ್ಯಾಂಡ್ ಅಳೆಯುವುದೇ ಇಲ್ಲ. ವಯಸ್ಸು, ತೂಕ, ಎತ್ತರ, ಲಿಂಗಗಳನ್ನು ಸಮೀಕರಣವೊಂದಕ್ಕೆ ಹಾಕಿ, ವಿಶ್ರಾಂತಿಯಲ್ಲಿರುವ ದೇಹ ಎಷ್ಟು ಶಕ್ತಿ ವ್ಯಯಿಸುತ್ತದೆ ಎಂದು, ಎಂದರೆ ತಳಮಟ್ಟದ ಚಯಾಪಚಯ ದರವನ್ನು, ಊಹಿಸುತ್ತದೆ. ಅದಕ್ಕೆ ಚಲನೆ ಮತ್ತು ಮಿಡಿತದ ಲೆಕ್ಕ ಸೇರಿಸುತ್ತದೆ.

ಇಂಥ ಸಮೀಕರಣಗಳಲ್ಲಿ ಪ್ರಸಿದ್ಧವಾದ ಹ್ಯಾರಿಸ್-ಬೆನೆಡಿಕ್ಟ್ ಸಮೀಕರಣ 1919ರದು. ಅಮೆರಿಕದ 136 ಗಂಡಸರು ಮತ್ತು 103 ಹೆಂಗಸರ ಅಳತೆಗಳಿಂದ ಬಂದದ್ದು. 1985ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವು ಒಪ್ಪಿದ ಸಮೀಕರಣಗಳ ಹಿಂದಿನ ದತ್ತಾಂಶದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಇಟಲಿಯವರದು. ಇವು ಭಾರತೀಯರ ದರವನ್ನು ನಿಜಕ್ಕಿಂತ ಹೆಚ್ಚಾಗಿ ಅಂದಾಜಿಸುತ್ತವೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿತು. 1990ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಶೇ. 5ರಷ್ಟು ತಗ್ಗಿಸಿದ ಮೌಲ್ಯಗಳನ್ನು ಬಳಸಿತು.

ಈ ವಿಷಯದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಶರೀರಕ್ರಿಯಾಶಾಸ್ತ್ರಜ್ಞರ ಕೆಲಸ ಗಮನಾರ್ಹ. ಮಾರಿಯೊ ಸೋರೆಸ್, ಪ್ರಕಾಶ್ ಶೆಟ್ಟಿ ಮತ್ತು ಸಹೋದ್ಯೋಗಿಗಳು ಭಾರತೀಯರನ್ನೇ ಅಳೆದು, ಭಾರತೀಯ ಪುರುಷರಿಗೆ ಹೊಂದುವ ಸಮೀಕರಣಗಳನ್ನು 1993ರಲ್ಲಿ ಪ್ರಕಟಿಸಿದರು. ಆದರೆ ಇದು ಮಲಗಿದ ದೇಹದ ಲೆಕ್ಕ. ಕೆಲಸ ಮಾಡುತ್ತ, ಅಡುಗೆ ಮಾಡುತ್ತ, ಬಸ್ಸು ಹತ್ತುತ್ತ ಇರುವವರ ಶಕ್ತಿವ್ಯಯವನ್ನು ಹೇಗೆ ಅಳೆಯುವುದು?

ಅದಕ್ಕೊಂದು ಸುಂದರ ವಿಧಾನವಿದೆ. ಭಾರವಾದ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ಮತ್ತು ಆಕ್ಸಿಜನ್-18 ಎಂಬ ಸ್ಥಿರ ಸಮಸ್ಥಾನಿಗಳಿರುವ ನೀರನ್ನು ಕುಡಿಸುತ್ತಾರೆ. ಡ್ಯೂಟೀರಿಯಂ ದೇಹದಿಂದ ನೀರಿನ ರೂಪದಲ್ಲಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್-18 ನೀರಿನ ಜೊತೆಗೂ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಜೊತೆಗೂ ಹೋಗುತ್ತದೆ. ಒಂದೆರಡು ವಾರ ಮೂತ್ರದ ಮಾದರಿಗಳನ್ನು ಪರೀಕ್ಷಿಸಿ, ಎರಡೂ ಕಡಿಮೆಯಾಗುವ ದರಗಳ ವ್ಯತ್ಯಾಸ ಕಂಡುಹಿಡಿದರೆ ಉಸಿರಿನಲ್ಲಿ ಹೋದ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ತಿಳಿಯುತ್ತದೆ. ಅದರಿಂದ ದೇಹ ದಹಿಸಿದ ಶಕ್ತಿ. ನೇಥನ್ ಲಿಫ್ಸನ್ 1950ರ ದಶಕದಲ್ಲಿ ಇಲಿಗಳ ಮೇಲೆ ರೂಪಿಸಿದ ಈ ವಿಧಾನವನ್ನು 1982ರಲ್ಲಿ ಮನುಷ್ಯರಿಗೆ ಅಳವಡಿಸಲಾಯಿತು. ಸೇಂಟ್ ಜಾನ್ಸ್‌ನ ಅನುರ ಕುರ್ಪಾಡ್ ಮತ್ತು ಸಂಗಡಿಗರು 1997ರಲ್ಲಿ ಬೆಂಗಳೂರು ನಗರದಲ್ಲಿ ತಮ್ಮ ಪಾಡಿಗೆ ದಿನಚರಿ ನಡೆಸುತ್ತಿದ್ದವರ ಮೇಲೂ, 2000ದಲ್ಲಿ ದೀರ್ಘಕಾಲದ ಅಪೌಷ್ಟಿಕತೆಯಿದ್ದ ಗಂಡಸರ ಮೇಲೂ ಇದನ್ನು ಬಳಸಿದ ಫಲಿತಾಂಶಗಳನ್ನು ಪ್ರಕಟಿಸಿದರು. ಲ್ಯಾಂಬ್ಟನ್ನನ ಸರಪಳಿ ರಸ್ತೆಗೆ ಏನೋ, ಈ ನೀರು ದಿನನಿತ್ಯದ ಬದುಕಿಗೆ ಅದು. ತುಂಬ ದುಬಾರಿ, ಎಲ್ಲರನ್ನೂ ಇದರಿಂದ ಅಳೆಯಲಾಗದು. ಆದರೆ ಅಗ್ಗದ ಸಾಧನಗಳನ್ನು ಒರೆಗೆ ಹಚ್ಚಲು ಇಂಥದೊಂದು ಕಲ್ಲು ಬೇಕು.

ವ್ಯತ್ಯಾಸ ಕ್ಷುಲ್ಲಕವಲ್ಲ. ದಿನಕ್ಕೆ 1,500 ಕಿಲೋಕ್ಯಾಲೊರಿಯಲ್ಲಿ ಶೇ. 10ರ ದೋಷವೆಂದರೆ 150, ಸುಮಾರು ಮೂರು ಇಡ್ಲಿಗಳಷ್ಟು. ಸಕ್ಕರೆ ಕಾಯಿಲೆಯವರು ಬ್ಯಾಂಡ್ ತೋರಿಸಿದ 'ಸುಟ್ಟ ಕ್ಯಾಲೊರಿ'ಯನ್ನು ನಂಬಿ ದಿನವೂ ಅಷ್ಟು ಹೆಚ್ಚಿಗೆ ಉಂಡರೆ ಏನಾದೀತು ಎಂದು ಯೋಚಿಸಿ.

ಲೆಕ್ಕಕ್ಕೆ ಬಾರದ ದುಡಿಮೆ

2017ರಲ್ಲಿ ಇನ್ನೊಂದು ಸ್ಟ್ಯಾನ್‌ಫರ್ಡ್ ತಂಡ ಏಳು ಲಕ್ಷಕ್ಕೂ ಹೆಚ್ಚು ಜನರ ಮೊಬೈಲ್ ಫೋನುಗಳಿಂದ ಹೆಜ್ಜೆಯ ಲೆಕ್ಕ ತೆಗೆಯಿತು. ಅದರ ಪ್ರಕಾರ ಭಾರತೀಯರ ದಿನದ ಸರಾಸರಿ 4,297 ಹೆಜ್ಜೆ. 46 ದೇಶಗಳಲ್ಲಿ ನಮ್ಮದು 39ನೇ ಸ್ಥಾನ. 'ಭಾರತೀಯರು ಸೋಮಾರಿಗಳು' ಎಂಬ ಸುದ್ದಿ ಹರಡಿತು. ಆದರೆ ಎಣಿಕೆಯಲ್ಲಿದ್ದವರು ಯಾರು? ಸ್ಮಾರ್ಟ್‌ಫೋನಿನಲ್ಲಿ ವ್ಯಾಯಾಮದ ಆ್ಯಪ್ ಹಾಕಿಕೊಂಡವರು. ಪಾಲಹಳ್ಳಿಯ ಗದ್ದೆಯಲ್ಲಿ ಫೋನನ್ನು ಬದುವಿನ ಮೇಲಿಟ್ಟು ಕೆಸರಿಗೆ ಇಳಿದವರ ಹೆಜ್ಜೆ ಈ ಸರಾಸರಿಯಲ್ಲಿ ಇಲ್ಲ. ಇಂಥ ಸಂಖ್ಯೆಗಳ ಮೇಲೆ ಆರೋಗ್ಯ ಯೋಜನೆಗಳೂ ವಿಮೆಯ ರಿಯಾಯಿತಿಗಳೂ ನಿಲ್ಲುವುದಾದರೆ, ಅತಿ ಹೆಚ್ಚು ದುಡಿಯುವ ದೇಹವೇ ಸೋಮಾರಿ ಎನಿಸಿಕೊಳ್ಳುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಶಿಕ್ಷಕರು ಒಂದು ಬ್ಯಾಂಡ್ ಇದ್ದರೂ ಸಾಕು, ಈ ಪ್ರಯೋಗ ಮಾಡಿಸಬಹುದು. ಒಬ್ಬ ವಿದ್ಯಾರ್ಥಿ ಬ್ಯಾಂಡ್ ಕಟ್ಟಿಕೊಂಡು 200 ಹೆಜ್ಜೆ ನಡೆಯಲಿ. ಇಬ್ಬರು ಬೇರೆ ಬೇರೆಯಾಗಿ ಎಣಿಸಲಿ. ಮೊದಲು ಕೈ ಬೀಸಿಕೊಂಡು, ಬಳಿಕ ತಲೆಯ ಮೇಲಿನ ಕೊಡವನ್ನು ಎರಡೂ ಕೈಯಿಂದ ಹಿಡಿದು, ಆಮೇಲೆ ಸೈಕಲ್ ತಳ್ಳಿಕೊಂಡು, ಕೊನೆಗೆ ಗದ್ದೆಯ ಬದುವಿನ ಮೇಲೆ. ಪ್ರತಿಯೊಂದನ್ನೂ ಮೂರು ಬಾರಿ ಮಾಡಿ. ಬ್ಯಾಂಡ್ ತೋರಿಸಿದ್ದರಿಂದ ನಿಜ ಸಂಖ್ಯೆಯನ್ನು ಕಳೆದು, ನಿಜ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಶೇಕಡಾ ದೋಷ. ಮೂರು ಬಾರಿಯೂ ಒಂದೇ ದಿಕ್ಕಿಗೆ ತಪ್ಪಿದರೆ ಅದು ಕ್ರಮಬದ್ಧ ದೋಷ. ಅತ್ತಿತ್ತ ಚದುರಿದರೆ ಯಾದೃಚ್ಛಿಕ ದೋಷ. ಮೊದಲನೆಯದನ್ನು ತಿದ್ದಬಹುದು, ಎರಡನೆಯದನ್ನು ಸರಾಸರಿಯಿಂದ ತಗ್ಗಿಸಬಹುದು. ರಸ್ತೆಯ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ನಡೆದು ದೂರದ ಲೆಕ್ಕವನ್ನೂ, ಇನ್ನೊಂದು ಕೈಯ ನಾಡಿಯನ್ನು ಬೆರಳಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ ಮಿಡಿತವನ್ನೂ ಹೋಲಿಸಿ. ಕ್ಯಾಲೊರಿಯನ್ನು ಮಾತ್ರ ಶಾಲೆಯಲ್ಲಿ ಪರೀಕ್ಷಿಸಲಾಗದು. ಏಕೆಂದು ಮಕ್ಕಳೇ ವಿವರಿಸಲಿ.

ಹಾಗಾದರೆ ಬ್ಯಾಂಡನ್ನು ಬಿಸಾಡಬೇಕೆ? ಬೇಡ. ಅದೇ ವ್ಯಕ್ತಿ, ಅದೇ ಕೈ, ಅದೇ ಬಗೆಯ ದಿನಚರಿ ಇದ್ದಾಗ ನಿನ್ನೆಗಿಂತ ಇಂದು ಹೆಚ್ಚು ನಡೆದೆನೆ ಎಂದು ತಿಳಿಯಲು ಅದು ಉಪಯುಕ್ತ. ಹೆಜ್ಜೆ ಒಂದು ಎಣಿಕೆ, ವಿಶ್ರಾಂತಿಯ ನಾಡಿ ಒಂದು ಅಳತೆ, ದೂರ ಒಂದು ಅಂದಾಜು, ಕ್ಯಾಲೊರಿ ಊಹೆಯ ಮೇಲಿನ ಊಹೆ. ಈ ನಾಲ್ಕನ್ನು ಒಂದೇ ಗಾಜಿನ ಮೇಲೆ ಒಂದೇ ಗಾತ್ರದ ಅಂಕಿಗಳಲ್ಲಿ ತೋರಿಸುತ್ತಾರೆ ಎಂಬುದನ್ನು ಮರೆಯದಿದ್ದರೆ ಸಾಕು. ಎದೆ ನೋವು, ಉಸಿರಾಟದ ತೊಂದರೆ ಕಾಣಿಸಿದರೆ ಬ್ಯಾಂಡಿನ ಅಂಕಿ ಏನೇ ಇರಲಿ, ವೈದ್ಯರ ಬಳಿ ಹೋಗಬೇಕು.